ಗಂಚೆವ್ ಕಡತದ ಬಳಕೆ ಚೀಟಿ

ಲೈಟುಕಂಬಕ್ಕೆ ಅಂಟಿಸಿದ ಸಾವಿನ ಚೀಟಿಗಳನ್ನು ಓದದೆ ದಫಿನಾ ರಂಗೆಲೊವಾ ಯಾವತ್ತೂ ಟ್ರಾಮ್ ಹತ್ತಿದವಳಲ್ಲ. ನಮ್ಮ ಬಲ್ಗೇರಿಯದ ಸೋಫಿಯಾದಲ್ಲಿ ಯಾರೇ ಸತ್ತರೂ ಫೋಟೋ, ಹೆಸರು, ಹುದ್ದೆ ಸಮೇತ ಕಂಬಕ್ಕೂ ಮನೆಬಾಗಿಲಿಗೂ ಚೀಟಿ ಬೀಳುತ್ತದೆ. ಬೇರೆಯವರು ಓದಿ ‘ಪಾಪ’ ಅಂದು ಮುಂದೆ ಹೋಗುತ್ತಾರೆ. ದಫಿನಾ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, ವಿಳಾಸ ಬರೆದುಕೊಳ್ಳುತ್ತಿದ್ದಳು. ಸತ್ತವನು ಹೊರದೇಶದಲ್ಲಿ ರಾಯಭಾರಿಯಾಗಿದ್ದವನೋ, ಸರ್ಕಾರಕ್ಕೆ ನೀತಿ ಬರೆದುಕೊಟ್ಟ ಪಂಡಿತನೋ ಆಗಿದ್ದರೆ ಒಂಬತ್ತನೆಯ ದಿನದೊಳಗೆ ಅವಳು ಆ ಮನೆಯ ಬಾಗಿಲಲ್ಲಿ ಹಾಜರು. ಕೈಯಲ್ಲಿ ಸಾವಿನ ಮನೆಗೆ ತಕ್ಕಂತೆ ಸಮಸಂಖ್ಯೆಯ ಹೂವು, ಚೀಲದಲ್ಲಿ ಹಗ್ಗದ ಉಂಡೆ. ಹೂವು ಹೆಂಡತಿಗೆ, ಹಗ್ಗ ಗಂಡನ ಕಾಗದಗಳಿಗೆ.

‘ರಣಹದ್ದು ಬಂತು’ ಎಂದು ಕೆಲವು ಮನೆಗಳ ಒಳಗಿನಿಂದ ಕೇಳಿಸಿದ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ತಾನು ಹೋಗದಿದ್ದರೆ ಆ ಕಾಗದಗಳೆಲ್ಲ ಒಂದೋ ಒಲೆಗೆ ಹೋಗುತ್ತವೆ, ಇಲ್ಲವೇ ‘ಆ ಕಟ್ಟಡ’ದವರ ಕಾರಿಗೆ ಹೋಗುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಗುಪ್ತ ಪೊಲೀಸರಿದ್ದ ಆ ಕಟ್ಟಡದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಲೆಗೆ ಹೋದ ಕಾಗದಕ್ಕಾದರೂ ಬೂದಿ ಇರುತ್ತದೆ, ಅಲ್ಲಿಗೆ ಹೋದ ಕಾಗದಕ್ಕೆ ಅದೂ ಇರುತ್ತಿರಲಿಲ್ಲ.

ವಿದೇಶ ನೀತಿಯನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯ ದಫ್ತರಖಾನೆ ಅವಳದು. ಬೆರಳಚ್ಚುಗಾರ್ತಿಯಾಗಿ ಸೇರಿ, ಇಪ್ಪತ್ತೆಂಟು ವರ್ಷದಲ್ಲಿ ಅದರ ಯಜಮಾನಿಯಾಗಿದ್ದಳು. ಟ್ರಾಮ್ ಓಡಿಸುತ್ತಿದ್ದ ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವಳಿಗಿದ್ದ ಸಂಸಾರವೆಂದರೆ ನಿಯಮಗಳು. ಪ್ರತಿ ಹಾಳೆಯ ಬಲಮೂಲೆಯಲ್ಲಿ ಸೀಸದಕಡ್ಡಿಯ ಅಂಕಿ. ಕೊನೆಯ ಹಾಳೆಯಲ್ಲಿ ‘ಈ ಕಡತದಲ್ಲಿ ೧೪೩ (ನೂರ ನಲವತ್ತಮೂರು) ಹಾಳೆಗಳಿವೆ’ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಸಹಿ. ಕಡತದ ಮೊದಲಿಗೆ ಬಳಕೆ ಚೀಟಿ. ಕಡತ ತೆರೆದವರು ಯಾರೇ ಆಗಲಿ, ಅದರ ಮೇಲೆ ಹೆಸರು, ತಾರೀಖು, ನೋಡಿದ ಹಾಳೆ, ನೋಡಿದ ಉದ್ದೇಶ ಬರೆದು ಸಹಿ ಹಾಕಬೇಕು. ಹೆಚ್ಚಿನವರು ಉದ್ದೇಶದ ಕಾಲಂ ಖಾಲಿ ಬಿಟ್ಟು ಜಾರಿಕೊಳ್ಳಲು ನೋಡುತ್ತಿದ್ದರು. ಒಮ್ಮೆ ಮಂತ್ರಿಯೊಬ್ಬರ ಕೈಕೆಳಗಿನ ದೊಡ್ಡ ಮನುಷ್ಯನನ್ನು ಅವಳು ಮೆಟ್ಟಿಲವರೆಗೆ ಬೆನ್ನಟ್ಟಿ ಹೋಗಿ, ಗೋಡೆಗೆ ಚೀಟಿ ಒತ್ತಿ ಹಿಡಿದು ಬರೆಸಿಕೊಂಡಿದ್ದಳು. ಆ ಕಥೆ ಇಡೀ ಸಂಸ್ಥೆಯಲ್ಲಿ ವರ್ಷಗಟ್ಟಲೆ ಓಡಾಡಿತು.

ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ, ಅಭಿನಯ ಮಾಡಿ ಹೇಳುತ್ತಿದ್ದವಳು ಗುಲ್ಸುಮ್.

ಗುಲ್ಸುಮ್ ನೆಲಮಾಳಿಗೆಯಲ್ಲಿ ಕಡತ ಹೊಲಿಯುವವಳು. ದಬ್ಬಣದಿಂದ ಮೂರು ತೂತು, ಮೇಣ ಹಚ್ಚಿದ ನೂಲು, ಹಿಂದೆ ಗಂಟು, ಗಂಟಿನ ಮೇಲೆ ಕಾಗದದ ಬಿಲ್ಲೆ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ದಕ್ಷಿಣದ ಗುಡ್ಡಗಾಡಿನ, ಹೊಗೆಸೊಪ್ಪು ಬೆಳೆಯುವ ಹಳ್ಳಿಯ ಟರ್ಕಿ ಮೂಲದ ಹೆಂಗಸು. ಗಂಡ ಸೋಫಿಯಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಮಗಳು ಸೆವ್ದಾ ಊರಿನಲ್ಲೇ ಮದುವೆಯಾಗಿ, ಆ ವರ್ಷ ಚೊಚ್ಚಲ ಬಸುರಿ. ದಿನಾ ಹನ್ನೊಂದು ಗಂಟೆಗೆ ದಫಿನಾ ನೆಲಮಾಳಿಗೆಗೆ ಇಳಿಯುತ್ತಿದ್ದಳು. ಅಂಟು ಕಾಯಿಸುವ ಒಲೆಯ ಮೇಲೇ ಕಾಫಿ ಕುದಿಯುತ್ತಿತ್ತು.

“ಅಕ್ಕಾ, ಈ ನಿಮ್ಮ ರಾಯಭಾರಿಗಳು ಬದುಕಿದ್ದಾಗ ಎಷ್ಟು ಸುಳ್ಳು ಹೇಳಿರ್ತಾರೋ, ಹೊಲಿಯೋವಾಗ ದಬ್ಬಣಾನೇ ಬಗ್ಗುತ್ತೆ ನೋಡಿ,” ಎನ್ನುತ್ತಿದ್ದಳು ಗುಲ್ಸುಮ್.

“ಬಾಯಿ ಮುಚ್ಚೇ ಮಾರಾಯ್ತಿ, ಗೋಡೆಗೆ ಕಿವಿ ಇದೆ.”

“ಇರ್ಲಿ ಬಿಡಿ. ಅದಕ್ಕೂ ಒಂದು ಲೋಟ ಕಾಫಿ ಕೊಡ್ತೀನಿ.”

ದಫಿನಾ ನಗುತ್ತಿದ್ದದ್ದು ಇಡೀ ದಿನದಲ್ಲಿ ಆ ಕಾಲುಗಂಟೆ ಮಾತ್ರ. ಮೇಲೆ ಹತ್ತುವಾಗ ಮುಖ ಮತ್ತೆ ಗಂಟು. ಹುಟ್ಟುವ ಮೊಮ್ಮಗು ಹೆಣ್ಣಾದರೆ ಸತ್ತ ತಾಯಿಯ ಹೆಸರು, ಹಜೆರ್ ಎಂದು ಇಡಬೇಕೆಂದು ಗುಲ್ಸುಮ್ ಆಸೆಪಟ್ಟಿದ್ದಳು. ದಿನಕ್ಕೆ ಎರಡು ಸಲವಾದರೂ ಆ ಮಾತು ಬರುತ್ತಿತ್ತು. “ಗಂಡಾದ್ರೆ?” ಎಂದು ದಫಿನಾ ಕೇಳಿದರೆ, “ಗಂಡಾದ್ರೆ ನಿಮ್ಮ ಕಡತದಲ್ಲಿ ಹೊಲಿದುಬಿಡ್ತೀನಿ” ಎಂಬ ಉತ್ತರ.

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಅಕ್ಟೋಬರಿನಲ್ಲಿ ಮೆತೋದಿ ಗಂಚೆವ್ ತೀರಿಕೊಂಡ. ಪಕ್ಕದ ಟರ್ಕಿಯ ಅಂಕಾರಾದಲ್ಲಿ ಹನ್ನೊಂದು ವರ್ಷ ರಾಯಭಾರ ಕಚೇರಿಯಲ್ಲಿದ್ದವನು, ನಿವೃತ್ತಿಯ ನಂತರವೂ ಸರ್ಕಾರಕ್ಕೆ ಸಲಹೆ ಬರೆಯುತ್ತಿದ್ದವನು. ಟ್ರಾಮ್ ನಿಲ್ದಾಣದ ಗಾಜಿನ ಮೇಲಿನ ಚೀಟಿಯ ಅಂಟು ಇನ್ನೂ ಹಸಿಯಿತ್ತು. ದಫಿನಾ ಕಚೇರಿಗೆ ಹೋಗದೆ, ಬರುತ್ತಿದ್ದ ಟ್ರಾಮನ್ನೂ ಬಿಟ್ಟು, ನೆಟ್ಟಗೆ ಆ ಮನೆಗೆ ಹೋದಳು.

ಬಾಗಿಲು ತೆರೆದ ವಿಧವೆ ವೆರ್ಗಿನಿಯಾ ಹೂವನ್ನು ನೋಡಲೂ ಇಲ್ಲ. ಸತ್ತವನ ಹೆಸರಿನಲ್ಲಿ ಬೇಯಿಸಿದ ಗೋಧಿಗೆ ಸಕ್ಕರೆ ಕಲಸುತ್ತಿದ್ದ ಕೈ ಹಾಗೇ ಇತ್ತು. “ನೀವಾ? ಸದ್ಯ. ಅವರು ಫೋನ್ ಮಾಡಿದ್ರು, ಸೋಮವಾರ ಬರ್ತಾರಂತೆ. ಅಷ್ಟರೊಳಗೆ ಹೊತ್ಕೊಂಡು ಹೋಗಿ,” ಎಂದಳು.

“ಅವರು ಕೇಳಿದ್ರೆ?”

“ದಫ್ತರಖಾನೆಗೆ ಕೊಟ್ಟೆ ಅಂತೀನಿ. ಅದೂ ಸರ್ಕಾರದ್ದೇ ಅಲ್ವಾ? ನಿಮ್ಮ ಹತ್ರ ಇದ್ರೆ ನಂಬರಾದ್ರೂ ಬೀಳುತ್ತೆ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಕೊನೆ ಮೂರು ತಿಂಗಳು ಅವನು ನಿದ್ದೆ ಮಾಡಿಲ್ಲ. ಏನು ಬರೆದಿದಾನೋ ನಾನು ಓದಿಲ್ಲ. ಓದೋದೂ ಇಲ್ಲ. ಗೋಧಿ ತಿನ್ನಿ.”

ಏಳು ಬೂಟಿನ ಪೆಟ್ಟಿಗೆ, ಒಂದು ಟೋಪಿಯ ಪೆಟ್ಟಿಗೆ. ಟ್ಯಾಕ್ಸಿಯಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ದಫಿನಾಗೆ ಗೆದ್ದ ಸಂತೋಷ. ಆ ಕಟ್ಟಡದವರಿಗಿಂತ ಮೊದಲು ತಲುಪಿದ್ದು ಅವಳ ಜೀವನದಲ್ಲಿ ಅದು ಮೂರನೆಯ ಸಲವೋ ನಾಲ್ಕನೆಯ ಸಲವೋ. ಸೋಮವಾರ ಅವರು ಬಂದೇ ಬಂದರು. ಕಾಮೆನೊವ್ ಎಂಬ ಅಧಿಕಾರಿ, ತೆಳ್ಳನೆಯ ದನಿ, ಸಭ್ಯ ನಡವಳಿಕೆ. ಸಂಸ್ಥೆಯ ನಿರ್ದೇಶಕರು ಅವನ ಮುಂದೆ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡಿದರು. ಕಾಮೆನೊವ್ ಪೆಟ್ಟಿಗೆಗಳನ್ನು ಒಯ್ಯಲಿಲ್ಲ. “ಇಲ್ಲೇ ಇರ್ಲಿ. ಜೋಡಿಸಿ, ಹೊಲಿಸಿ, ಕಬ್ಬಿಣದ ಬೀರುವಿನಲ್ಲಿ ಇಡಿ. ಯಾರಿಗೂ ಕೊಡಬೇಡಿ. ಯಾರಿಗೂ ಅಂದ್ರೆ ಯಾರಿಗೂ,” ಎಂದ. ಹೋಗುವಾಗ ದಫಿನಾಗೆ ಕೈಕುಲುಕಿ, ಅವಳ ಕೆಲಸದ ಅಚ್ಚುಕಟ್ಟಿನ ಬಗ್ಗೆ ತುಂಬ ಕೇಳಿದ್ದೇನೆ ಎಂದ. ಇಂಥವರು ಹೊಗಳಿದರೆ ಬೈದದ್ದಕ್ಕಿಂತ ಹೆಚ್ಚು ಭಯವಾಗುತ್ತದೆ.

ಜೋಡಿಸುವುದೆಂದರೆ ಪ್ರತಿ ಹಾಳೆ ಓದಲೇಬೇಕು. ಅದು ಕೆಲಸ, ಬಳಕೆಯಲ್ಲ. ಅದಕ್ಕೆ ಚೀಟಿಯಲ್ಲಿ ಸಹಿ ಬೇಡ. ನವೆಂಬರ್ ಮಧ್ಯದ ಒಂದು ಬೆಳಿಗ್ಗೆ ಟೋಪಿಯ ಪೆಟ್ಟಿಗೆಯಿಂದ ಬಂದ ಕಟ್ಟನ್ನು ಅವಳು ಬಿಚ್ಚಿದಳು. ಗಂಚೆವ್ ಮತ್ತು ಇನ್ನಿಬ್ಬರು ಪಂಡಿತರು ಆ ಬೇಸಿಗೆಯಲ್ಲಿ ಸೇರಿ ಬರೆದ ಟಿಪ್ಪಣಿಯ ಕರಡು. ದೇಶದಲ್ಲಿರುವ ಟರ್ಕಿ ಮೂಲದವರೆಲ್ಲರ ಹೆಸರುಗಳನ್ನು ಬದಲಿಸಿ ಬಲ್ಗೇರಿಯನ್ ಹೆಸರು ಕೊಟ್ಟರೆ ಪಕ್ಕದ ದೇಶ ಏನು ಮಾಡೀತು, ಎಷ್ಟು ದಿನ ಕೂಗಾಡೀತು, ಯಾವ ತಿಂಗಳಾದರೆ ಅನುಕೂಲ ಎಂಬ ಲೆಕ್ಕಾಚಾರ. ಭಾಷೆ ಮಾತ್ರ ಎಷ್ಟು ನುಣುಪು! ‘ಬದಲಾವಣೆ’ ಎಂಬ ಮಾತೇ ಇಲ್ಲ, ಮೂಲ ಹೆಸರುಗಳ ‘ಮರುಸ್ಥಾಪನೆ’ಯಂತೆ. ‘ಬಲವಂತ’ ಎಂಬ ಮಾತೂ ಇಲ್ಲ, ‘ಸ್ವಯಂಪ್ರೇರಿತ ಮನವಿಗಳನ್ನು ಸ್ವೀಕರಿಸುವ ವ್ಯವಸ್ಥೆ’ಯಂತೆ. ಎಂಬತ್ತೇಳನೆಯ ಹಾಳೆಯಲ್ಲಿ ಹಂತಗಳು: ಡಿಸೆಂಬರ್ ಕೊನೆಯ ವಾರ, ಹಿಮ ಬಿದ್ದು ರಸ್ತೆ ಮುಚ್ಚಿದಾಗ, ಮೊದಲು ದಕ್ಷಿಣದ ಜಿಲ್ಲೆ. ಸೈನ್ಯದ ವಾಹನಗಳ ಸಂಖ್ಯೆ. ಕೆಳಗೆ ಹಳ್ಳಿಗಳ ಪಟ್ಟಿ. ಪಕ್ಕದಲ್ಲಿ ಗಂಚೆವ್ ಕೈಯಿಂದ ಬರೆದಿದ್ದ: ‘ಇದನ್ನು ಬರೆಯಬಾರದಿತ್ತು.’

ದಫಿನಾ ಆ ಹಾಳೆಗೂ ಬಲಮೂಲೆಯಲ್ಲಿ ೮೭ ಎಂದು ಬರೆದಳು. ಹನ್ನೊಂದು ಗಂಟೆಗೆ ನೆಲಮಾಳಿಗೆಗೆ ಇಳಿದು, ಕಟ್ಟನ್ನು ಎದುರಿಗೇ ಕೂತು ಹೊಲಿಸಿದಳು. ಗುಲ್ಸುಮ್‌ಗೆ ಒಂದು ಹಾಳೆಯನ್ನೂ ತಿರುಗಿಸಲು ಬಿಡಲಿಲ್ಲ.

“ಏನಕ್ಕಾ, ಇದರಲ್ಲಿ ಚಿನ್ನ ಇದ್ಯಾ?” ಎಂದು ಗುಲ್ಸುಮ್ ಛೇಡಿಸಿದಳು.

“ಸುಮ್ನೆ ಹೊಲಿಯೇ.”

ಅವಳು ಸುಮ್ಮನೆ ಹೊಲಿದಳು. ತನ್ನ ಊರಿನ ಹೆಸರಿದ್ದ ಹಾಳೆಗೆ ತಾನೇ ದಬ್ಬಣ ಚುಚ್ಚಿದಳು. ದಫಿನಾ ಆ ದಿನ ಕಾಫಿ ಕುಡಿಯಲಿಲ್ಲ.

ಪಟ್ಟಿಯಲ್ಲಿದ್ದದ್ದು ನಿಜವಾಗಿಯೂ ಗುಲ್ಸುಮ್‌ಳ ಊರೇ? ಆ ಕಡೆ ಒಂದೇ ಹೆಸರಿನ ಎರಡು ಮೂರು ಹಳ್ಳಿಗಳಿವೆ. ಎರಡು ದಿನ ದಫಿನಾ ಈ ಒಂದು ಆಸೆಯನ್ನು ಹಿಡಿದುಕೊಂಡು ಒದ್ದಾಡಿದಳು. ಮೂರನೆಯ ದಿನ ಬೀರು ತೆರೆದು, ಕಡತ ತೆಗೆದು, ನಕಾಶೆ ಪಕ್ಕಕ್ಕಿಟ್ಟುಕೊಂಡು ನೋಡಿದಳು. ಅದೇ ಊರು, ಅದೇ ಪಂಚಾಯ್ತಿ. ಕಡತ ಮುಚ್ಚುವಾಗ ಅವಳ ಕೈ, ಇಪ್ಪತ್ತೆಂಟು ವರ್ಷದ ಅಭ್ಯಾಸದಲ್ಲಿ, ಬಳಕೆ ಚೀಟಿಯ ಖಾಲಿ ಸಾಲಿಗೆ ಹೋಯಿತು. ಹೆಸರು: ದ. ರಂಗೆಲೊವಾ. ತಾರೀಖು. ಹಾಳೆ: ೮೭. ಉದ್ದೇಶದ ಕಾಲಂನಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ‘ಸ್ವಂತಕ್ಕೆ’ ಎಂದು ಬರೆದು, ಸಹಿ ಹಾಕಿ, ಬೀರುವಿಗೆ ಬೀಗ ಹಾಕಿದಳು.

ಏನು ಮಾಡಿದೆನೆಂದು ಅರಿವಾದದ್ದು ಟ್ರಾಮಿನಲ್ಲಿ. ಮಾರನೆಯ ಬೆಳಿಗ್ಗೆ ಹೊಸ ಚೀಟಿ ಹಾಕಿಬಿಡಬಹುದಿತ್ತು. ಚೀಟಿಗಳ ಕಟ್ಟು ಅವಳ ಮೇಜಿನಲ್ಲೇ ಇತ್ತು. ಹಾಕಲಿಲ್ಲ. ಧೈರ್ಯವೆಂದು ಹೇಳುವಂತಿಲ್ಲ, ಅವಳು ಧೈರ್ಯಸ್ಥೆಯೇ ಅಲ್ಲ. ಬಳಕೆ ಚೀಟಿ ಬದಲಿಸುವುದು ಹೇಗೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ಕೆಲವರಿಗೆ ಕದಿಯಲು ಬರುವುದಿಲ್ಲವಲ್ಲ, ಹಾಗೆ.

ಆ ದಿನ ನೆಲಮಾಳಿಗೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ ನೀರು ಸದ್ದುಮಾಡಲು ಬಿಟ್ಟು, ಅವಳು ಎಲ್ಲವನ್ನೂ ಹೇಳಿದಳು. ಗುಲ್ಸುಮ್ ಮೊದಲು ನಕ್ಕಳು.

“ಅಕ್ಕಾ, ಲಕ್ಷಾಂತರ ಜನ ಇದೀವಿ ನಾವು. ಅಷ್ಟೂ ಹೆಸರು ಎಲ್ಲಿಂದ ತರ್ತಾರೆ?”

“ಪಟ್ಟಿ ಅಚ್ಚು ಹಾಕಿಸ್ತಾರಂತೆ. ನೋಡ್ಕೊಂಡು ಆರಿಸ್ಕೊಳ್ಳೋದು.”

ಗುಲ್ಸುಮ್‌ಳ ನಗು ಹೋಯಿತು. ಕೈಯಲ್ಲಿದ್ದ ದಬ್ಬಣವನ್ನು ಮೇಜಿನ ಮೇಲಿಟ್ಟಳು.

“ಸೆವ್ದಾನ ಕರೆಸ್ಕೋ,” ಎಂದಳು ದಫಿನಾ. “ನಮ್ಮನೇಲಿ ಹೆರಿಗೆ ಆಗ್ಲಿ. ಈ ಚಳಿಗಾಲ ಒಂದು ನೀನು ಊರಿಗೆ ಹೋಗ್ಬೇಡ ಕಣೇ.”

“ಬರೀ ಸೆವ್ದಾನಾ? ಅವಳ ಅತ್ತೆ? ನನ್ನ ತಮ್ಮಂದಿರು? ಇಡೀ ಊರನ್ನ ನಿಮ್ಮ ಎರಡು ಕೋಣೇಲಿ ತುಂಬ್ತೀರಾ?”

“ಹಾಗಾದ್ರೆ ಒಂದು ಕೆಲಸ ಮಾಡು. ಪಂಚಾಯ್ತಿ ಕಚೇರಿಗೆ ಹೋಗಿ ನಿಮ್ಮ ಜನ್ಮನೋಂದಣಿಯ ಪ್ರತಿ ತೆಗೆಸ್ಕೋ. ಮುದ್ರೆ ಬಿದ್ದಿರೋ ಪ್ರತಿ. ಮಗು ಹುಟ್ಟಿದ ದಿನಾನೇ ಅದನ್ನೂ ನೋಂದಾಯಿಸಿ ಪ್ರತಿ ತಗೋ. ಅವರು ಮೂಲದಲ್ಲಿ ಏನು ಗೀಚಿದ್ರೂ ಮುದ್ರೆ ಇರೋ ಪ್ರತಿ ನಿನ್ನ ಕೈಲಿರುತ್ತೆ. ಇವತ್ತಲ್ಲ ನಾಳೆ ಅದು ಬೇಕಾಗುತ್ತೆ.”

ಇದು ದಫ್ತರಖಾನೆಯವರಿಗೆ ಮಾತ್ರ ಹೊಳೆಯುವ ಉಪಾಯ. ಬೇರೆ ಯಾರಾದರೂ ಆಗಿದ್ದರೆ ಓಡು, ಅಡಗು, ಗಡಿ ದಾಟು ಎನ್ನುತ್ತಿದ್ದರು. ಇವಳು ಪ್ರತಿ ತೆಗೆಸು ಎಂದಳು. ಹದಿನಾಲ್ಕು ವರ್ಷ ಅದೇ ಗಾಳಿ ಕುಡಿದ ಗುಲ್ಸುಮ್‌ಗೂ ಅದು ಸರಿಯೆಂದೇ ತೋರಿತು.

“ಸರಿ ಅಕ್ಕಾ. ಪ್ರತಿ ತೆಗೆಸ್ತೀನಿ.”

“ನೀನು ಮಾತ್ರ. ಯಾರಿಗೂ ಹೇಳ್ಬೇಡ.”

ಗುಲ್ಸುಮ್ ಎದ್ದು ನಲ್ಲಿ ನಿಲ್ಲಿಸಿದಳು.

ಡಿಸೆಂಬರ್ ಹತ್ತರಂದು ಗಂಡನೊಂದಿಗೆ ಅವಳು ಊರಿನ ಬಸ್ ಹತ್ತಿದಳು. ಇಪ್ಪತ್ತರಂದು ಕಚೇರಿಗೆ ಫೋನ್ ಬಂತು. ಅಂಚೆ ಕಚೇರಿಯ ಗದ್ದಲ, ಅದರ ನಡುವೆ ಗುಲ್ಸುಮ್‌ಳ ಕೂಗು: “ಹೆಣ್ಣು ಅಕ್ಕಾ! ಹಜೆರ್! ಮೂರೂವರೆ ಕಿಲೋ! ನೀವು ಹೇಳಿದ ಹಾಗೇ ಬರೆಸಿ ಆಯ್ತು, ಪ್ರತೀನೂ ತಗೊಂಡೆ.”

“ಒಳ್ಳೇದಾಯ್ತು. ಜೋಪಾನ.”

“ನಾನೊಬ್ಬಳೇ ಅಲ್ಲಕ್ಕಾ. ಎಲ್ಲರಿಗೂ ಹೇಳ್ದೆ. ಎರಡು ದಿನದಿಂದ ಪಂಚಾಯ್ತಿ ಕಚೇರಿ ಮುಂದೆ ಕ್ಯೂ! ಗುಮಾಸ್ತೆಗೆ ಮುದ್ರೆ ಒತ್ತಿ ಒತ್ತಿ ಕೈ ನೋವು ಬಂದಿದೆ ಪಾಪ. ಏನು ಬಂತಪ್ಪಾ ನಿಮಗೆಲ್ಲ ಅಂತ ಕೇಳ್ತಾ ಇದಾಳೆ...”

ದಫಿನಾ ಏನಾದರೂ ಹೇಳುವಷ್ಟರಲ್ಲಿ ಲೈನು ಕಡಿಯಿತು.

ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ದಕ್ಷಿಣಕ್ಕೆ ಬಸ್ಸುಗಳಿಲ್ಲ, ಹಿಮ ಬಿದ್ದಿದೆ ಎಂದರು. ಹಿಮ ಬಿದ್ದಿದ್ದು ನಿಜ. ಆದರೆ ಬಸ್ ನಿಲ್ದಾಣದಲ್ಲಿ ಗುಸುಗುಸು ಬೇರೆಯೇ ಇತ್ತು. ರಸ್ತೆಯಲ್ಲಿ ಟ್ಯಾಂಕುಗಳಂತೆ. ಊರುಗಳನ್ನು ಬೆಳಗಾಗುವ ಮುನ್ನವೇ ಸುತ್ತುವರಿದರಂತೆ. ಚೌಕದಲ್ಲಿ ಜನ ಸೇರಿದ್ದಾಗ ಗುಂಡು ಹಾರಿತಂತೆ. ಎಳೆಮಗುವೊಂದು ಜನರ ಕಾಲಡಿ ಸಿಕ್ಕಿ ಸತ್ತಿತಂತೆ. ಪತ್ರಿಕೆಯಲ್ಲಿ ಹಾಲಿನ ಉತ್ಪಾದನೆ ಹೆಚ್ಚಿದ ಸುದ್ದಿ ಬಂದಿತ್ತು. ದಫಿನಾ ದಿನಾ ಹನ್ನೊಂದು ಗಂಟೆಗೆ ನೆಲಮಾಳಿಗೆಗೆ ಹೋಗಿ, ಆರಿದ ಒಲೆಯ ಮುಂದೆ ಕಾಲುಗಂಟೆ ಕೂತು ಬರುತ್ತಿದ್ದಳು. ಪ್ರತಿ ತೆಗೆಸು ಎಂದವಳು ತಾನೇ ಎಂಬ ಮಾತು ಅವಳ ತಲೆಯಲ್ಲಿ ನೊಣದಂತೆ ಸುತ್ತುತ್ತಿತ್ತು.

ಜನವರಿ ಎರಡನೆಯ ವಾರ ಕಾಮೆನೊವ್ ಬಂದ. ಓದುವ ಕೋಣೆಯಲ್ಲಿ ಕೂತು, ಕೈಗವಸು ಒಂದೊಂದೇ ಬೆರಳು ಎಳೆದು ಕಳಚಿದ. ನಿರ್ದೇಶಕರು ಕಿಟಕಿಯ ಹತ್ತಿರ ನಿಂತಿದ್ದರು.

“ಕಾಮ್ರೇಡ್ ರಂಗೆಲೊವಾ, ಒಂದು ತಮಾಷೆ ಹೇಳ್ತೀನಿ ಕೇಳಿ. ಡಿಸೆಂಬರಿನಲ್ಲಿ ಒಂದು ಸಣ್ಣ ಹಳ್ಳೀಲಿ ಎರಡು ದಿನಕ್ಕೆ ಅರವತ್ತೊಂದು ಜನ ಜನ್ಮನೋಂದಣಿ ಪ್ರತಿ ಕೇಳಿದ್ರು. ಹಿಂದಿನ ಹತ್ತು ವರ್ಷದಲ್ಲಿ ಕೇಳಿದವರು ನಾಲ್ಕು ಜನ. ಹೊಗೆಸೊಪ್ಪಿನವರಿಗೆ ಪ್ರತಿ ತೆಗೆಸೋ ಬುದ್ಧಿ ಎಲ್ಲಿಂದ ಬಂತು ಅಂತೀರಿ?”

ಕಾಮೆನೊವ್ ಕೈಗವಸುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟ.

“ಒಂದು ಉಪಕಾರ ಆಯ್ತು. ಗುಮಾಸ್ತೆ ಪ್ರತಿ ತಗೊಂಡವರ ಪಟ್ಟಿ ಇಟ್ಟಿದ್ಲು. ತಂಟೆ ಮಾಡೋರು ಯಾರು ಅಂತ ನಾವು ಹುಡುಕೋ ಅವಶ್ಯಕತೆನೇ ಬೀಳಲಿಲ್ಲ. ಮೊದಲು ಅವರ ಮನೆಗಳಿಗೇ ಹೋದ್ವಿ.”

ದಫಿನಾ ಕೇಳಿದಳು: “ಗುಲ್ಸುಮ್ ಎಲ್ಲಿ?”

“ಆ ಹೆಸರಿನವರು ಈಗ ಯಾರೂ ಇಲ್ಲ,” ಎಂದ ಕಾಮೆನೊವ್ ಮೆತ್ತಗೆ. “ಅವಳ ಅಳಿಯ ಡ್ಯಾನ್ಯೂಬ್ ನದಿಯ ನಡುಗಡ್ಡೆ ಜೈಲಲ್ಲಿ ಇದಾನೆ, ಸ್ವಲ್ಪ ಕಾಲ ಅಲ್ಲೇ ಇರ್ತಾನೆ. ಗಂಚೆವ್ ಕಡತ ತನ್ನಿ.”

ತಂದಳು. ಮೊದಲು ಬಳಕೆ ಚೀಟಿ. ಕಾಮೆನೊವ್ ಅದನ್ನು ಓದಿದ, ಮತ್ತೊಮ್ಮೆ ಓದಿದ. ಆಮೇಲೆ ನಕ್ಕ. ಮನಸ್ಸಾರೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ.

“‘ಸ್ವಂತಕ್ಕೆ’! ಇಪ್ಪತ್ತು ವರ್ಷದಿಂದ ಜನರ ಬಾಯಿ ಬಿಡಿಸ್ತಾ ಇದೀನಿ. ಕೇಳೋಕ್ ಮುಂಚೆನೇ ಬರೆದಿಟ್ಟವರು ನೀವೊಬ್ಬರೇ ನೋಡಿ!”

“ನಾನೇ ಹೇಳಿದ್ದು,” ಎಂದಳು ದಫಿನಾ. “ಓದಿದ್ದೂ ನಾನೇ, ಪ್ರತಿ ತೆಗೆಸು ಅಂದಿದ್ದೂ ನಾನೇ. ಅವಳ ತಪ್ಪೇನಿಲ್ಲ. ಬರ್ಕೊಳ್ಳಿ, ಸಹಿ ಹಾಕ್ತೀನಿ.”

ಕಾಮೆನೊವ್ ನಗು ನಿಲ್ಲಿಸಿ ನಿರ್ದೇಶಕರ ಕಡೆ ನೋಡಿದ. ಬೀರುವಿನ ಕೀಲಿಯನ್ನು ಅವಳಿಗೆ ಕೊಟ್ಟವರು ಅವರು. ಪೆಟ್ಟಿಗೆಗಳನ್ನು ಇಲ್ಲೇ ಬಿಟ್ಟುಹೋದವನು ಕಾಮೆನೊವ್. ಇಬ್ಬರೂ ಆ ಲೆಕ್ಕವನ್ನು ಅದೇ ಗಳಿಗೆಯಲ್ಲಿ ಹಾಕುತ್ತಿದ್ದುದು ಅವಳಿಗೂ ಕಂಡಿತು.

“ಬೇಡಮ್ಮಾ,” ಎಂದ ಕಾಮೆನೊವ್. “ನಿಮ್ಮ ತಪ್ಪೊಪ್ಪಿಗೆ ಯಾರಿಗೂ ಬೇಕಾಗಿಲ್ಲ. ಕಡತ ಹೊಲಿದವಳು ಅವಳು. ಹೊಲಿಯೋವಾಗ ಕದ್ದು ಓದಿದ್ಲು. ಎಲ್ಲರಿಗೂ ಅರ್ಥ ಆಗುತ್ತೆ, ಯಾರೂ ಮುಂದಿನ ಪ್ರಶ್ನೆ ಕೇಳಲ್ಲ. ನೀವು ಒಂದು ಹೊಸ ಚೀಟಿ ಹಾಕಿ. ಖಾಲಿ. ಕೆಳಗೆ ‘ಯಾರೂ ಬಳಸಿಲ್ಲ’ ಅಂತ ಬರೆದು ಸಹಿ ಮಾಡಿ.”

“ನಾನು ಬಳಸಿದೀನಲ್ಲ.”

“ಕಾಮ್ರೇಡ್ ರಂಗೆಲೊವಾ—”

“ನಾನು ಓದಿದೀನಿ ಸ್ವಾಮಿ! ಅಲ್ಲಿ ಬರೆದಿದೀನಿ! ಕಣ್ಣು ಕಾಣಲ್ವಾ ನಿಮಗೆ?”

ಆ ಓದುವ ಕೋಣೆಯಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು. ಇಪ್ಪತ್ತೆಂಟು ವರ್ಷ ಬೇರೆಯವರಿಗೆ ‘ಶ್ಶ್’ ಎಂದವಳು ಅವಳು. ಹೊಸ ಚೀಟಿಯನ್ನು ಮುಟ್ಟಲೂ ಇಲ್ಲ. ಕೊನೆಗೆ ನಿರ್ದೇಶಕರೇ ಬಂದು ಅವಳ ಕುರ್ಚಿಯಲ್ಲಿ ಕೂತು ಬರೆದರು. ಹಳೆಯ ಚೀಟಿಯನ್ನು ಕಾಮೆನೊವ್ ನಾಲ್ಕು ಮಡಿಕೆ ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡ. ‘ಜೋಪಾನವಾಗಿರುತ್ತೆ’ ಎಂದ. ಅದು ಬೆದರಿಕೆಯೋ ಸಮಾಧಾನವೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಂಗಳ ಕೊನೆಗೆ ಅವಳಿಗೆ ಹೂಗುಚ್ಛ ಕೊಟ್ಟು, ಭಾಷಣ ಮಾಡಿ, ಪಿಂಚಣಿಗೆ ಕಳಿಸಿದರು. ಅವಳಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಅದಕ್ಕಾಗಿ ಅವಳು ಯಾರನ್ನೂ ಕ್ಷಮಿಸಲಿಲ್ಲ.

ಗುಲ್ಸುಮ್‌ಳ ಮನೆಯವರನ್ನು ಉತ್ತರಕ್ಕೆ, ಡ್ಯಾನ್ಯೂಬ್ ದಂಡೆಯ ಜಿಲ್ಲೆಯೊಂದರ ಯಾವುದೋ ಹಳ್ಳಿಗೆ ಕಳಿಸಿದ್ದಾರೆ, ಮೂರು ವರ್ಷ ಅಲ್ಲಿಂದ ಕದಲುವಂತಿಲ್ಲ ಎಂದು ಅವಳ ಗಂಡನೊಂದಿಗೆ ಗಾರೆ ಕೆಲಸ ಮಾಡುತ್ತಿದ್ದವನೊಬ್ಬ ಹೇಳಿದ. ಯಾವ ಹಳ್ಳಿ ಎಂಬುದು ಅವನಿಗೂ ಗೊತ್ತಿರಲಿಲ್ಲ. ದಫಿನಾ ಆ ಜಿಲ್ಲೆಯ ಒಂದೊಂದೇ ಅಂಚೆ ಕಚೇರಿಗೆ ಕಾಗದ ಬರೆದಳು. ಒಂದೊಂದೇ ಮರಳಿ ಬಂತು: ‘ಈ ಹೆಸರಿನವರು ಇಲ್ಲಿಲ್ಲ.’ ಮಾರ್ಚ್ ತಿಂಗಳಿಡೀ ಅವಳು ಬಾಗಿಲ ಸಂದಿಯಿಂದ ಬಿದ್ದ ತನ್ನ ಅಕ್ಷರಗಳನ್ನೇ ಎತ್ತಿಕೊಳ್ಳುತ್ತಿದ್ದಳು.

ಜೂನ್‌ನಲ್ಲಿ ರೈಲು ಹತ್ತಿ ತಾನೇ ಹೋದಳು. ಚೀಲದಲ್ಲಿ ಒಂದು ಬಾಟಲಿ ಹುಳಿ ಚೆರ್ರಿ ಜಾಮು, ಮಗುವಿಗೆ ಎರಡು ಉಣ್ಣೆಯ ಕಾಲುಚೀಲ. ಮಗು ಬದುಕಿದೆಯೋ ಇಲ್ಲವೋ ಗೊತ್ತಿಲ್ಲದೆಯೇ ಹೆಣೆದದ್ದು. ಜಿಲ್ಲಾ ಕಚೇರಿಯ ಕಿಟಕಿಯ ಮುಂದೆ ಉದ್ದ ಸಾಲು. ನಿಂತವರಲ್ಲಿ ಅರ್ಧಕ್ಕಿಂತ ಹೆಚ್ಚು ದಕ್ಷಿಣದಿಂದ ತಂದುಬಿಟ್ಟ ಜನ. ವಾರಕ್ಕೊಮ್ಮೆ ಬಂದು ತಾವು ಇಲ್ಲೇ ಇದ್ದೇವೆಂದು ಸಹಿ ಹಾಕಬೇಕಿತ್ತು. ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಅವರ ಭಾಷೆ ಆಡಿದರೆ ದಂಡವೆಂದು ಗೋಡೆಯ ಮೇಲೆ ಬರೆದು ಹಾಕಿತ್ತು. ಒಂದೂವರೆ ಗಂಟೆಯ ಮೇಲೆ ದಫಿನಾಳ ಸರದಿ ಬಂತು.

“ಯಾರು ಬೇಕು?” ಎಂದಳು ಕಿಟಕಿಯ ಹಿಂದಿನ ಹುಡುಗಿ. ಒರಟಾಗೇನೂ ಕೇಳಲಿಲ್ಲ.

“ಗುಲ್ಸುಮ್ ಅಂತ. ಐವತ್ತು ವರ್ಷ. ಕಡತ ಹೊಲಿಯೋಳು. ಮಗಳು ಸೆವ್ದಾ, ಕೈಗೂಸು ಹಜೆರ್.”

ಹುಡುಗಿ ಗಾಬರಿಯಾಗಿ ಸುತ್ತ ನೋಡಿದಳು. “ಅಜ್ಜೀ, ಆ ಹೆಸರು ಇಲ್ಲಿ ಹೇಳ್ಬಾರದು. ಹೊಸ ಗುರುತಿನ ಪಾಸ್‌ಪೋರ್ಟಲ್ಲಿ ಏನಿದೆ ಅದನ್ನ ಹೇಳಿ. ನನ್ನ ಹತ್ರ ಪಟ್ಟಿ ಇದೆ, ಎರಡು ನಿಮಿಷದಲ್ಲಿ ಹುಡುಕಿಕೊಡ್ತೀನಿ.”

“ನನಗೆ ಗೊತ್ತಿಲ್ಲ.”

“ಹೆಸರೇ ಗೊತ್ತಿಲ್ದೆ ಹುಡುಕ್ತಾ ಇದೀರಾ?”

ಯಾವ ರಾಯಭಾರಿ ಯಾವ ವರ್ಷ ಯಾರ ಜೊತೆ ಊಟ ಮಾಡಿದ ಎಂಬುದನ್ನು ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಿದ್ದವಳು ಆ ಕಿಟಕಿಯ ಮುಂದೆ ಒಂದು ಹೆಸರೂ ಇಲ್ಲದೆ ನಿಂತಳು. ಪಟ್ಟಿ ಕೈಗೆಟುಕುವಷ್ಟು ದೂರದಲ್ಲಿತ್ತು. ಅಂದವಾಗಿ ಬೆರಳಚ್ಚು ಮಾಡಿ, ಹಾಳೆಗೆ ಅಂಕಿ ಹಾಕಿದ ಪಟ್ಟಿ. ಗುಲ್ಸುಮ್ ಅದರಲ್ಲೇ ಎಲ್ಲೋ ಇದ್ದಳು. ಯಾವ ಸಾಲು ಎಂದು ಹೇಳುವುದು ದಫಿನಾಗೆ ಸಾಧ್ಯವಿರಲಿಲ್ಲ. ಹಿಂದಿನಿಂದ ಯಾರೋ ಸರಿಯಿರಿ ಎಂದರು.

ಅವಳು ಸರಿದಳು. ಬಾಗಿಲವರೆಗೆ ಹೋದಳು. ಅಲ್ಲಿ ಏನಾಯಿತೋ, ತಿರುಗಿ ನಿಂತು ಇಡೀ ಹಜಾರಕ್ಕೆ ಕೇಳಿಸುವಂತೆ ಕೂಗಿದಳು:

“ಗುಲ್ಸುಮ್!”

ಸಾಲಿನ ಮಧ್ಯದಲ್ಲಿ ಒಬ್ಬ ಹೆಂಗಸು ಚಕ್ಕನೆ ತಲೆಯೆತ್ತಿದಳು. ಮುಖ ಅರಳಿತು, ತುಟಿ ತೆರೆಯಿತು. ಆಮೇಲೆ ಬಾಗಿಲ ಬಳಿಯ ಪೊಲೀಸಿನವನನ್ನು ನೋಡಿ ತಲೆ ತಗ್ಗಿಸಿ ನೆಲ ನೋಡತೊಡಗಿದಳು. ದಫಿನಾ ಅವಳನ್ನು ಹಿಂದೆಂದೂ ಕಂಡಿರಲಿಲ್ಲ. ಅವಳದೂ ಮೊದಲು ಅದೇ ಹೆಸರು.